ವಿದ್ಯುತ್ತಿಗೆ ಕಡಿವಾಣ ತೊಡಿಸಿದ ಎಲಿಹು ಥಾಮ್ಸನ್

ಮನೆಯ ಕಬ್ಬಿಣದ ಗೇಟು ಕಳಚಿದಾಗ, ಕಿಟಕಿಯ ಸರಳು ಮುರಿದಾಗ, ಟ್ರಾಕ್ಟರಿನ ಕೊಂಡಿ ಬಿರುಕುಬಿಟ್ಟಾಗ ನಾವು ಹುಡುಕಿಕೊಂಡು ಹೋಗುವುದು ಬೆಸುಗೆಯ ಅಂಗಡಿಯನ್ನು. ಅಲ್ಲಿ ಕೆಲಸಗಾರನು ಕಪ್ಪುಗಾಜಿನ ಮುಖರಕ್ಷಕವನ್ನು ಮುಂದೆ ಹಿಡಿದು, ಕೈಯಲ್ಲಿರುವ ಸಣ್ಣ ಕಡ್ಡಿಯನ್ನು ಕಬ್ಬಿಣಕ್ಕೆ ತಾಗಿಸಿದೊಡನೆ ಕಣ್ಣು ಕೋರೈಸುವ ಬೆಳಕು ಮೂಡುತ್ತದೆ. ಕಬ್ಬಿಣ ನೀರಾಗಿ ಹರಿದು, ತುಂಡಾಗಿದ್ದ ಎರಡು ಭಾಗಗಳು ಒಂದಾಗುತ್ತವೆ. ಎಲ್ಲರ ದೃಷ್ಟಿಯೂ ಆ ಬೆಳಕಿನ ಕಡೆಗೇ ಹರಿಯುತ್ತದೆ. ಅಂಗಡಿಯ ಮೂಲೆಯಲ್ಲಿ ಗುಂಯ್ ಎನ್ನುತ್ತ ನಿಂತಿರುವ ಕಬ್ಬಿಣದ ಪೆಟ್ಟಿಗೆಯನ್ನಾಗಲಿ, ಅದರ ಮೈಯಿಂದ ಹೊರಟು ನೆಲದೊಳಗೆ ಇಳಿದುಹೋಗಿರುವ ತಂತಿಯನ್ನಾಗಲಿ ಗಮನಿಸುವವರು ವಿರಳ. ಆದರೆ ಕೆಲಸಗಾರನ ಪ್ರಾಣಕ್ಕೆ ಕಾವಲಾಗಿರುವುದು ಆ ತಂತಿಯೇ. ವಿದ್ಯುತ್ತಿನಿಂದ ಲೋಹವನ್ನು ಬೆಸೆಯುವ ಒಂದು ಮಾರ್ಗವನ್ನು ತೋರಿಸಿದ, ಅಷ್ಟೇ ಶ್ರದ್ಧೆಯಿಂದ ವಿದ್ಯುತ್ತನ್ನು ಭೂಮಿಗೆ ಕಟ್ಟಿಹಾಕುವ ಉಪಾಯವನ್ನೂ ಕಲಿಸಿದ ಮಹನೀಯರಲ್ಲಿ ಎಲಿಹು ಥಾಮ್ಸನ್ನರು ಅಗ್ರಗಣ್ಯರು.

ಎಲಿಹು ಥಾಮ್ಸನ್ 1853ನೆಯ ಇಸವಿ ಮಾರ್ಚ್ 29ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಲ್ಲಿ ಜನಿಸಿದನು. ತಂದೆ ಡೇನಿಯಲ್ ಥಾಮ್ಸನ್ ಯಂತ್ರಗಳ ಕೆಲಸದಲ್ಲಿ ನುರಿತವರು. ಜೀವನೋಪಾಯವನ್ನು ಅರಸಿ ಅವರು 1858ರಲ್ಲಿ ಸಂಸಾರದೊಡನೆ ಅಟ್ಲಾಂಟಿಕ್ ಸಾಗರವನ್ನು ದಾಟಿ ಅಮೆರಿಕದ ಫಿಲಡೆಲ್ಫಿಯ ನಗರವನ್ನು ಸೇರಿದರು. ಆಗ ಎಲಿಹುವಿಗೆ ಐದು ವರ್ಷ. ಆ ನಗರದಲ್ಲಿ ಎಲ್ಲಿ ನೋಡಿದರೂ ಕಾರ್ಖಾನೆಗಳು, ಕುಲುಮೆಗಳು. ಹುಡುಗನ ಕುತೂಹಲಕ್ಕೆ ಅವೇ ಪಾಠಶಾಲೆಗಳಾದುವು.

ಎಲಿಹು ಓದಿನಲ್ಲಿ ಬಹಳ ಚುರುಕು. ಹನ್ನೊಂದು ವರ್ಷ ತುಂಬುವಷ್ಟರಲ್ಲಿ ಕೆಳಗಿನ ತರಗತಿಗಳ ಪಾಠವೆಲ್ಲ ಮುಗಿದುಹೋಗಿತ್ತು. ಆದರೆ ಹದಿಮೂರು ವರ್ಷ ತುಂಬದವರಿಗೆ ಪ್ರೌಢಶಾಲೆಯಲ್ಲಿ ಪ್ರವೇಶವಿರಲಿಲ್ಲ. ಎರಡು ವರ್ಷ ಪುಸ್ತಕಗಳನ್ನು ಬದಿಗಿಟ್ಟು ಆಟವಾಡಿಕೊಂಡು ದೇಹವನ್ನು ಬೆಳೆಸಲಿ ಎಂದು ಹಿರಿಯರು ಸಲಹೆ ಮಾಡಿದರು. ಓದನ್ನು ಬಿಟ್ಟಿರುವುದು ಆ ಹುಡುಗನಿಗೆ ಸಾಧ್ಯವಾಗಲಿಲ್ಲ. ಅವನ ಕೈಗೆ ಬಂದ ಒಂದು ಪುಸ್ತಕದಲ್ಲಿ ದ್ರಾಕ್ಷಾರಸದ ಖಾಲಿ ಸೀಸೆಯಿಂದ ವಿದ್ಯುದ್ಯಂತ್ರವನ್ನು ಮಾಡುವ ಬಗೆಯನ್ನು ವಿವರಿಸಿತ್ತು. ಸೀಸೆಯನ್ನು ಗರಗರನೆ ತಿರುಗಿಸಿ, ಅದರ ಮೈಯನ್ನು ಉಜ್ಜಿದರೆ ವಿದ್ಯುತ್ತಿನ ಕಿಡಿ ಹುಟ್ಟುತ್ತಿತ್ತು. ಮಗನು ಉತ್ಸಾಹದಿಂದ ತೋರಿಸಿದ ಆ ಸಣ್ಣ ಕಿಡಿಯನ್ನು ಕಂಡು ತಂದೆ ನಕ್ಕುಬಿಟ್ಟರು. ಹುಡುಗನು ಏನನ್ನೂ ಹೇಳಲಿಲ್ಲ. ವಿದ್ಯುತ್ತನ್ನು ಶೇಖರಿಸಿಡುವ ಲೇಡನ್ ಜಾಡಿಗಳನ್ನು ತಯಾರಿಸಿ, ಅವುಗಳನ್ನು ಒಂದಕ್ಕೊಂದು ಜೋಡಿಸಿ, ಯಂತ್ರವನ್ನು ತಿರುಗಿಸಿ ತುಂಬಿದನು. ಬಳಿಕ ಅದನ್ನು ಮುಟ್ಟಿ ನೋಡುವಂತೆ ತಂದೆಯನ್ನು ಕರೆದನು. ಈ ಸಲ ತಗುಲಿದ ಆಘಾತದಿಂದ ತಂದೆಯ ನಗು ಅಡಗಿತು. ಇದು ಬಾಲಕನ ತುಂಟತನವೆಂಬುದು ನಿಜ. ಆದರೆ ಕಣ್ಣಿಗೆ ಕಾಣದ ಈ ಶಕ್ತಿಯನ್ನು ಹಗುರವಾಗಿ ಕಾಣಬಾರದು ಎಂಬ ತಿಳಿವಳಿಕೆ ಆ ಮನೆಯವರೆಲ್ಲರಿಗೂ ಅಂದೇ ಉಂಟಾಗಿರಬೇಕು.

1870ರಲ್ಲಿ ಫಿಲಡೆಲ್ಫಿಯದ ಸೆಂಟ್ರಲ್ ಹೈಸ್ಕೂಲಿನ ವ್ಯಾಸಂಗವನ್ನು ಮುಗಿಸಿದ ಥಾಮ್ಸನ್ನರು ಕೆಲವು ಕಾಲದಲ್ಲೇ ಅದೇ ಶಾಲೆಯಲ್ಲಿ ಅಧ್ಯಾಪಕರಾಗಿ ನಿಂತರು. 1876ರಲ್ಲಿ ಅವರಿಗೆ ರಸಾಯನಶಾಸ್ತ್ರದ ಪ್ರಾಧ್ಯಾಪಕ ಪದವಿ ದೊರೆಯಿತು. ಪಾಠಕ್ಕೆ ಬೇಕಾದ ಉಪಕರಣಗಳನ್ನು ಅವರು ತಮ್ಮ ಕೈಯಿಂದಲೇ ಮಾಡಿಕೊಳ್ಳುತ್ತಿದ್ದರು. ಹಿರಿಯ ಸಹೋದ್ಯೋಗಿಗಳಾಗಿದ್ದ ಎಡ್ವಿನ್ ಹೂಸ್ಟನ್ನರ ಜೊತೆಗೂಡಿ ಅನೇಕ ಪ್ರಯೋಗಗಳನ್ನು ನಡೆಸಿದರು.

1877ರ ಸುಮಾರಿನಲ್ಲಿ ಆ ನಗರದ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯಲ್ಲಿ ಥಾಮ್ಸನ್ನರು ವಿದ್ಯುತ್ತನ್ನು ಕುರಿತು ಉಪನ್ಯಾಸಗಳನ್ನು ಕೊಡುತ್ತಿದ್ದರು. ಪ್ರಯೋಗಕ್ಕೆಂದು ಒಂದು ಪ್ರೇರಣ ಸುರುಳಿಯನ್ನು ಸಿದ್ಧಪಡಿಸಿದ್ದರು. ಅದರಲ್ಲಿ ನವಿರಾದ ತಂತಿಯ ಅನೇಕ ಸುತ್ತುಗಳ ಒಂದು ಸುರುಳಿ, ದಪ್ಪ ತಂತಿಯ ಕೆಲವೇ ಸುತ್ತುಗಳ ಇನ್ನೊಂದು ಸುರುಳಿ. ದಪ್ಪ ಸುರುಳಿಗೆ ವಿದ್ಯುತ್ತನ್ನು ಹಾಯಿಸಿ ನವಿರು ಸುರುಳಿಯಿಂದ ಉದ್ದವಾದ ಕಿಡಿಗಳನ್ನು ಪಡೆಯುವುದು ವಾಡಿಕೆ. ಥಾಮ್ಸನ್ನರು ಇದನ್ನು ತಿರುವುಮುರುವು ಮಾಡಿ, ಲೇಡನ್ ಜಾಡಿಗಳ ವಿದ್ಯುತ್ತನ್ನು ನವಿರು ಸುರುಳಿಯ ಮೂಲಕ ಹರಿಯಬಿಟ್ಟರು. ದಪ್ಪ ತಂತಿಯ ಎರಡು ತುದಿಗಳು ಒಂದನ್ನೊಂದು ತಾಗಿಕೊಂಡಿದ್ದುವು. ಪ್ರಯೋಗದ ನಂತರ ನೋಡಿದರೆ ಆ ತುದಿಗಳು ಭದ್ರವಾಗಿ ಅಂಟಿಕೊಂಡಿದ್ದುವು. ಬೇರೆಯವರಾಗಿದ್ದರೆ ತಂತಿಯನ್ನು ಕಿತ್ತು ಬದಿಗಿಟ್ಟು ಮುಂದಿನ ಕೆಲಸಕ್ಕೆ ತೊಡಗುತ್ತಿದ್ದರೇನೋ! ಥಾಮ್ಸನ್ನರಾದರೋ ಇದರ ಕಾರಣವನ್ನು ಆಲೋಚಿಸಿದರು. ದಪ್ಪ ಸುರುಳಿಯಲ್ಲಿ ಒತ್ತಡ ಕಡಿಮೆಯಾಗಿ ಪ್ರವಾಹ ಅತ್ಯಧಿಕವಾಗಿದೆ. ತುದಿಗಳು ಕೂಡುವ ಜಾಗದಲ್ಲಿ ಆ ಪ್ರವಾಹಕ್ಕೆ ತಡೆಯುಂಟಾಗಿ ಶಾಖ ಹುಟ್ಟಿದೆ. ಆ ಶಾಖದಿಂದ ಲೋಹ ಮೆದುವಾಗಿ ಕೂಡಿಕೊಂಡಿದೆ. ಈ ವಿಚಾರವು ಸುಮಾರು ಎಂಟು ವರ್ಷ ಅವರ ಮನಸ್ಸಿನಲ್ಲಿ ಬೀಜದಂತೆ ಹುದುಗಿದ್ದು, ಮುಂದೆ ಫಲ ಕೊಟ್ಟಿತು. 1886ರಲ್ಲಿ ಅವರು ತಡೆಬೆಸುಗೆಯ ವಿಧಾನಕ್ಕೆ ಏಕಸ್ವಾಮ್ಯದ ಹಕ್ಕನ್ನು ಪಡೆದರು. 1888ರಲ್ಲಿ ಇದಕ್ಕಾಗಿಯೇ ಒಂದು ಸಂಸ್ಥೆ ಹುಟ್ಟಿಕೊಂಡಿತು. ತಂತಿಗಳು, ಸರಪಣಿಗಳು, ಚಕ್ರದ ಬಳೆಗಳು ಕುಲುಮೆಯಿಲ್ಲದೆ, ಸುತ್ತಿಗೆಯ ಪೆಟ್ಟಿಲ್ಲದೆ ಕ್ಷಣಾರ್ಧದಲ್ಲಿ ಕೂಡಿಕೊಳ್ಳತೊಡಗಿದುವು.

ಇದೇ ಕಾಲದಲ್ಲಿ ರಷ್ಯದ ನಿಕೊಲಾಯ್ ಬೆನಾರ್ಡೊಸ್ ಎಂಬವರು ಬೇರೊಂದು ಮಾರ್ಗವನ್ನು ಹಿಡಿದಿದ್ದರು. ಇಂಗಾಲದ ಕಡ್ಡಿಗೂ ಲೋಹಕ್ಕೂ ನಡುವೆ ವಿದ್ಯುತ್ತಿನ ಚಾಪವನ್ನು ಹೊತ್ತಿಸಿ, ಅದರ ಉರಿಯಿಂದ ಲೋಹವನ್ನು ಕರಗಿಸಿ ಬೆಸೆಯುವುದು ಅವರ ಕ್ರಮ. 1888ರಲ್ಲಿ ಅದೇ ದೇಶದ ನಿಕೊಲಾಯ್ ಸ್ಲಾವ್ಯಾನೊವ್ ಎಂಬವರು ಇಂಗಾಲದ ಬದಲು ಲೋಹದ ಕಡ್ಡಿಯನ್ನೇ ಬಳಸಿದರು. ಇಂದು ನಮ್ಮ ಅಂಗಡಿಗಳಲ್ಲಿ ಕಾಣುವುದು ಈ ಚಾಪಬೆಸುಗೆ. ಆದರೆ ಚಾಪವನ್ನು ಪಳಗಿಸುವ ಕೆಲಸದಲ್ಲಿ ಥಾಮ್ಸನ್ನರೂ ಹಿಂದೆ ಉಳಿದವರಲ್ಲ.

ಚಾಪದ ಸ್ವಭಾವವೇ ವಿಚಿತ್ರ. ಎರಡು ಕಡ್ಡಿಗಳ ತುದಿಗಳನ್ನು ತಾಗಿಸಿ ತುಸುವೇ ದೂರ ಸರಿಸಿದರೆ ನಡುವಣ ಬಿಸಿ ಅನಿಲದ ಮೂಲಕ ವಿದ್ಯುತ್ತು ಹರಿಯುತ್ತದೆ. ಪ್ರವಾಹ ಹೆಚ್ಚಿದಂತೆಲ್ಲ ಅನಿಲ ಮತ್ತಷ್ಟು ಕಾಯುತ್ತದೆ; ಅನಿಲ ಕಾದಂತೆಲ್ಲ ತಡೆ ಕುಗ್ಗುತ್ತದೆ; ತಡೆ ಕುಗ್ಗಿದರೆ ಪ್ರವಾಹ ಇನ್ನೂ ಏರುತ್ತದೆ. ಹದ್ದುಬಸ್ತಿನಲ್ಲಿಡುವ ಏರ್ಪಾಡು ಇಲ್ಲದಿದ್ದರೆ ಯಂತ್ರವೇ ಸುಟ್ಟುಹೋಗಬಹುದು. ಅಂದಿನ ಬೀದಿಗಳನ್ನು ಬೆಳಗುತ್ತಿದ್ದ ಚಾಪದೀಪಗಳಲ್ಲಿ ಇದೇ ತೊಡಕು ಇತ್ತು. ದೀಪಗಳೆಷ್ಟು ಉರಿದರೂ ಪ್ರವಾಹವನ್ನು ಸಮನಾಗಿ ಇಡುವ ನಿಯಂತ್ರಕವುಳ್ಳ ಡೈನಮೊ ಒಂದನ್ನು ಥಾಮ್ಸನ್ನರು ಹೂಸ್ಟನ್ನರೊಡನೆ ನಿರ್ಮಿಸಿ, 1879ರಲ್ಲಿ ಫಿಲಡೆಲ್ಫಿಯದ ಒಂದು ರೊಟ್ಟಿ ಕಾರ್ಖಾನೆಯಲ್ಲಿ ದೀಪಗಳನ್ನು ಬೆಳಗಿಸಿದರು. ಬೇಡದ ಕಡೆ ಹುಟ್ಟುವ ಚಾಪವನ್ನು ಆರಿಸುವ ಉಪಾಯವನ್ನೂ ಅವರು ಕಂಡುಹಿಡಿದರು. ಅಯಸ್ಕಾಂತದ ಬಲವು ಚಾಪವನ್ನು ಪಕ್ಕಕ್ಕೆ ತಳ್ಳಿ ಹಿಗ್ಗಿಸುತ್ತದೆ. ಹಿಗ್ಗಿದ ಚಾಪ ತಾನಾಗಿ ಆರುತ್ತದೆ. ಹೀಗೆ ಬೇಕಾದ ಚಾಪವನ್ನು ಉಳಿಸಿಕೊಳ್ಳುವ, ಬೇಡವಾದ ಚಾಪವನ್ನು ನಂದಿಸುವ ಎರಡು ವಿದ್ಯೆಗಳೂ ಅವರಿಗೆ ಕರಗತವಾದುವು.

1880ರಲ್ಲಿ ಥಾಮ್ಸನ್ನರು ಅಧ್ಯಾಪಕ ವೃತ್ತಿಯನ್ನು ಬಿಟ್ಟು ಸಂಶೋಧನೆಗೆ ತಮ್ಮನ್ನು ಅರ್ಪಿಸಿಕೊಂಡರು. ಪಾದರಕ್ಷೆಗಳ ಉದ್ಯಮಿಯಾಗಿದ್ದ ಚಾರ್ಲ್ಸ್ ಕಾಫಿನ್ ಮತ್ತು ಅವರ ಸಂಗಡಿಗರು ಬಂಡವಾಳ ಹೂಡಿದರು. 1883ರಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತದ ಲಿನ್ ಪಟ್ಟಣದಲ್ಲಿ ಥಾಮ್ಸನ್-ಹೂಸ್ಟನ್ ಕಂಪನಿ ತಲೆಯೆತ್ತಿತು.

ಅವರ ಬಾಳಿನ ನಿಜವಾದ ಪರೀಕ್ಷೆ ಬಂದುದು ಇಲ್ಲಿಯೇ. ಆಗ ಪರ್ಯಾಯ ವಿದ್ಯುತ್ಪ್ರವಾಹವು ಲೋಕದ ಗಮನವನ್ನು ಸೆಳೆಯುತ್ತಿದ್ದ ಕಾಲ. ಪರಿವರ್ತಕದ ನೆರವಿನಿಂದ ವಿದ್ಯುತ್ತನ್ನು ಹೆಚ್ಚಿನ ಒತ್ತಡದಲ್ಲಿ ದೂರಕ್ಕೆ ಸಾಗಿಸಿ, ಮನೆಗಳ ಬಳಿ ಒತ್ತಡವನ್ನು ತಗ್ಗಿಸಿ ಬಳಸಬಹುದಾಗಿತ್ತು. ಪರಿವರ್ತಕದಲ್ಲಿ ಎರಡು ಸುರುಳಿಗಳು ಒಂದನ್ನೊಂದು ಮುಟ್ಟದೆ ಒಂದೇ ಕಬ್ಬಿಣದ ತಿರುಳನ್ನು ಸುತ್ತಿಕೊಂಡಿರುತ್ತವೆ. ಒಂದರಲ್ಲಿ ಸುಮಾರು 1000 ವೋಲ್ಟುಗಳ ಒತ್ತಡ. ಇನ್ನೊಂದರಲ್ಲಿ ಅದರ ಹತ್ತನೆಯ ಒಂದು ಪಾಲು ಅಥವಾ ಇನ್ನೂ ಕಡಿಮೆ. ಇವೆರಡನ್ನು ಬೇರ್ಪಡಿಸುತ್ತಿದ್ದುದು ಹತ್ತಿ, ಕಾಗದ, ಅರಗುಗಳ ತೆಳು ಹೊದಿಕೆ ಮಾತ್ರ. ಆ ಹೊದಿಕೆ ತೇವದಿಂದಲೋ, ಶಾಖದಿಂದಲೋ, ಸಿಡಿಲ ಹೊಡೆತದಿಂದಲೋ ಹರಿದರೆ ಗತಿಯೇನು? ಹೊರಗಿನ ಹೆಚ್ಚಿನ ಒತ್ತಡವು ಮನೆಯೊಳಗಿನ ತಂತಿಗೆ ನುಗ್ಗುತ್ತದೆ. ಏನನ್ನೂ ಅರಿಯದೆ ದೀಪದ ಕೀಲಿಯನ್ನು ತಿರುಗಿಸುವ ತಾಯಿಯೋ ಮಗುವೋ ಆ ಕ್ಷಣದಲ್ಲೇ ಪ್ರಾಣ ಕಳೆದುಕೊಳ್ಳಬಹುದು.

ಪ್ರತಿಸ್ಪರ್ಧಿಗಳು ಕಾಯಲಿಲ್ಲ. 1886ರ ಮಾರ್ಚಿಯಲ್ಲಿ ವಿಲಿಯಂ ಸ್ಟ್ಯಾನ್ಲಿ ಎಂಬವರು ಗ್ರೇಟ್ ಬ್ಯಾರಿಂಗ್ಟನ್ ಎಂಬ ಊರಿನಲ್ಲಿ ಪರಿವರ್ತಕಗಳಿಂದ ದೀಪಗಳನ್ನು ಬೆಳಗಿಸಿ ತೋರಿಸಿದರು. ಅದೇ ವರ್ಷದ ಕೊನೆಯಲ್ಲಿ ವೆಸ್ಟಿಂಗ್‌ಹೌಸ್ ಕಂಪನಿಯು ಬಫಲೊ ನಗರದಲ್ಲಿ ವ್ಯಾಪಾರವನ್ನೇ ಆರಂಭಿಸಿತು. ಥಾಮ್ಸನ್ನರ ಬಳಿಯೂ ಪರಿವರ್ತಕಗಳು ಇದ್ದುವು. ಆದರೂ ಮನೆಯವರ ರಕ್ಷಣೆಗೆ ತಕ್ಕ ಏರ್ಪಾಡು ಆಗದೆ ಅವುಗಳನ್ನು ಮಾರಾಟಕ್ಕೆ ಬಿಡಲು ಅವರ ಮನಸ್ಸು ಒಪ್ಪಲಿಲ್ಲ. ತಡಮಾಡಿದ ಒಂದೊಂದು ತಿಂಗಳೂ ಕಂಪನಿಗೆ ನಷ್ಟದ ತಿಂಗಳಾಗಿತ್ತು. ಲಾಭವೋ, ಕಾಣದ ಮನೆಗಳಲ್ಲಿನ ಕಾಣದ ಜನರ ಪ್ರಾಣವೋ ಎಂಬ ಪ್ರಶ್ನೆಗೆ ಅವರು ತಮ್ಮ ನಡತೆಯಿಂದಲೇ ಉತ್ತರ ಕೊಟ್ಟರು.

ಅವರು ಕಂಡುಕೊಂಡ ಪರಿಹಾರ ಅತ್ಯಂತ ಸರಳವಾಗಿತ್ತು. ಮನೆಗೆ ಹೋಗುವ ಸುರುಳಿಯ ಒಂದು ಭಾಗವನ್ನು ತಂತಿಯ ಮೂಲಕ ಭೂಮಿಗೆ ಜೋಡಿಸಿಬಿಡುವುದು, ಪ್ರವಾಹದ ದಾರಿಯಲ್ಲಿ ಫ್ಯೂಸುಗಳನ್ನು ಇಡುವುದು. ಹೊದಿಕೆ ಹರಿದು ಹೆಚ್ಚಿನ ಒತ್ತಡದ ವಿದ್ಯುತ್ತು ಒಳನುಗ್ಗಿದರೂ ಅದು ಮಣ್ಣಿನ ದಾರಿಯನ್ನು ಹಿಡಿಯುತ್ತದೆ. ಮನೆಯ ತಂತಿಗಳ ಒತ್ತಡ ಭೂಮಿಯ ಮಟ್ಟವನ್ನು ಮೀರಿ ವಿಪರೀತ ಏರುವುದಿಲ್ಲ. ಅತಿಯಾಗಿ ಹರಿದ ಪ್ರವಾಹದಿಂದ ಫ್ಯೂಸು ಕರಗಿ ಸಂಪರ್ಕವೇ ಕಡಿದುಹೋಗುತ್ತದೆ. ಈ ಏರ್ಪಾಡನ್ನು ಕೈಗೊಂಡ ಮೇಲೆಯೇ ಅವರ ಕಂಪನಿ 1887ರಲ್ಲಿ ಪರ್ಯಾಯ ಪ್ರವಾಹದ ವ್ಯವಸ್ಥೆಯನ್ನು ಮಾರುಕಟ್ಟೆಗೆ ತಂದಿತು.

ಲೋಕವು ಇದನ್ನು ಒಡನೆಯೇ ಒಪ್ಪಲಿಲ್ಲ. ವಿದ್ಯುತ್ತಿನ ತಂತಿಯನ್ನು ಭೂಮಿಯಿಂದ ಆದಷ್ಟು ದೂರವಿಡಬೇಕೆಂದು ಅನೇಕ ತಜ್ಞರು ನಂಬಿದ್ದರು. ಬೇಕೆಂದೇ ಮಣ್ಣಿಗೆ ಜೋಡಿಸಿದರೆ ಬೆಂಕಿಯ ಅಪಾಯ ಹೆಚ್ಚೀತೆಂದು ಬೆಂಕಿವಿಮೆಯವರು ಶಂಕಿಸಿದರು. ವಾದವಿವಾದಗಳು ಎಷ್ಟೋ ವರ್ಷ ನಡೆದುವು. ಅನುಭವವೇ ಕೊನೆಗೆ ತೀರ್ಪು ಕೊಟ್ಟಿತು. ಮನೆಗಳಿಗೆ ಹೋಗುವ ಕಡಿಮೆ ಒತ್ತಡದ ಸುರುಳಿಗಳಿಗೆ ಭೂಸಂಪರ್ಕವಿರಲೇಬೇಕೆಂದು ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆಯು 1913ರಲ್ಲಿ ವಿಧಿಸಿತು.

ಬೆಸುಗೆಯ ಅಂಗಡಿಯ ಮೂಲೆಯಲ್ಲಿ ನಿಂತ ಆ ಪೆಟ್ಟಿಗೆಯನ್ನು ಈಗ ಪರಿಶೀಲಿಸಿದರೆ ಥಾಮ್ಸನ್ನರು ಏಕೆ ಅಷ್ಟು ಕಳವಳಗೊಂಡರೆಂಬುದು ಮನದಟ್ಟಾಗುತ್ತದೆ. ಅದರಲ್ಲಿಯೂ ಇರುವುದು ಪರಿವರ್ತಕವೇ. ನಮ್ಮ ದೇಶದ ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ 415 ವೋಲ್ಟುಗಳ ವಿದ್ಯುತ್ತು ಅದರೊಳಕ್ಕೆ ಬರುತ್ತದೆ. ಚಾಪ ಹೊತ್ತುವ ಮೊದಲು ಹೊರಗಿನ ತುದಿಗಳಲ್ಲಿ ಸುಮಾರು 80 ವೋಲ್ಟುಗಳವರೆಗೆ ಒತ್ತಡವಿರುತ್ತದೆ. ಹೊತ್ತಿದ ಬಳಿಕ ಅದು 20ರಿಂದ 30 ವೋಲ್ಟುಗಳಿಗೆ ಇಳಿಯುತ್ತದೆ. ಆದರೆ ಪ್ರವಾಹವು ನೂರು, ಇನ್ನೂರು ಆಂಪಿಯರುಗಳನ್ನು ಮುಟ್ಟುತ್ತದೆ. ಒಳಗಿನ ಹೊದಿಕೆ ಹರಿದರೆ 415 ವೋಲ್ಟುಗಳ ವಿದ್ಯುತ್ತು ಪೆಟ್ಟಿಗೆಯ ಲೋಹದ ಮೈಗೆ ಬರಬಹುದು. ಆದ್ದರಿಂದಲೇ ಯಂತ್ರದ ಮೈಯನ್ನು ಪ್ರತ್ಯೇಕ ತಂತಿಯಿಂದ ಭೂಮಿಗೆ ಜೋಡಿಸತಕ್ಕದ್ದು. ಯಂತ್ರದ ಸಾಮರ್ಥ್ಯಕ್ಕೆ ತಕ್ಕ ಫ್ಯೂಸು, ಕೈಗೆಟಕುವ ದೂರದಲ್ಲಿ ವಿದ್ಯುತ್ತನ್ನು ಪೂರ್ಣವಾಗಿ ಕಡಿಯುವ ಸ್ವಿಚ್ಚು ಇರತಕ್ಕದ್ದು. ಯಂತ್ರದ ಮುಚ್ಚಳವನ್ನು ತೆರೆಯುವ ಮೊದಲು ಆ ಸ್ವಿಚ್ಚನ್ನು ಆರಿಸಿ, ವಿದ್ಯುತ್ತು ಇಲ್ಲವೆಂಬುದನ್ನು ಪರೀಕ್ಷಿಸಿ ಖಚಿತಪಡಿಸಿಕೊಳ್ಳತಕ್ಕದ್ದು. ಈ ಜೋಡಣೆಯನ್ನು ಪರವಾನಗಿ ಪಡೆದ ವಿದ್ಯುತ್ ಕೆಲಸಗಾರರೇ ಮಾಡಬೇಕಲ್ಲದೆ ಅರೆತಿಳಿವಿನವರು ಕೈಹಾಕಬಾರದು.

ಇಲ್ಲಿ ಅನೇಕರು ತಪ್ಪಾಗಿ ತಿಳಿಯುವ ಒಂದು ಅಂಶವುಂಟು. ಬೆಸೆಯಬೇಕಾದ ಕಬ್ಬಿಣಕ್ಕೆ ಕಚ್ಚಿಸುವ ದಪ್ಪ ಕೇಬಲ್ಲನ್ನು ಅಂಗಡಿಗಳಲ್ಲಿ ಅರ್ತ್ ಎಂದು ಕರೆಯುವುದು ರೂಢಿ. ವಾಸ್ತವವಾಗಿ ಅದು ಬೆಸುಗೆಯ ಪ್ರವಾಹವು ಯಂತ್ರಕ್ಕೆ ಹಿಂದಿರುಗುವ ದಾರಿ. ಅದು ಇದ್ದ ಮಾತ್ರಕ್ಕೆ ಯಂತ್ರದ ಮೈಗೆ ಭೂಸಂಪರ್ಕ ಒದಗಿದಂತಾಗಲಿಲ್ಲ. ಒಂದು ಕೆಲಸಕ್ಕಾಗಿ, ಇನ್ನೊಂದು ರಕ್ಷಣೆಗಾಗಿ. ಒಂದರ ಬದಲು ಇನ್ನೊಂದು ಸಲ್ಲದು. ಹಿಂದಿರುಗುವ ಕೇಬಲ್ಲನ್ನು ಬೆಸುಗೆಯ ಜಾಗಕ್ಕೆ ಹತ್ತಿರದಲ್ಲಿ, ತುಕ್ಕನ್ನು ಕೆರೆದು ತೆಗೆದ ಲೋಹಕ್ಕೆ ಬಿಗಿಯಾಗಿ ಕಚ್ಚಿಸಬೇಕು. ಎಲ್ಲಿಯೋ ದೂರದ ಕಂಬಕ್ಕೋ ನೀರಿನ ಕೊಳವೆಗೋ ಅದನ್ನು ಜೋಡಿಸಿದರೆ ನೂರಾರು ಆಂಪಿಯರುಗಳ ಪ್ರವಾಹ ಸಿಕ್ಕ ಸಿಕ್ಕ ದಾರಿಯಲ್ಲಿ ಹರಿದು, ಸಡಿಲವಾದ ಕೂಡುಗಳನ್ನು ಕಾಯಿಸಿ ಬೆಂಕಿಯನ್ನು ಹುಟ್ಟಿಸಬಲ್ಲುದು. 1877ರಲ್ಲಿ ಥಾಮ್ಸನ್ನರ ತಂತಿಯ ತುದಿಗಳನ್ನು ಬೆಸೆದ ಶಾಖವೂ ಇಲ್ಲಿ ಅನಾಹುತ ಮಾಡುವ ಶಾಖವೂ ಒಂದೇ. ಹತೋಟಿಯಲ್ಲಿದ್ದರೆ ಸೇವಕ, ಹತೋಟಿ ತಪ್ಪಿದರೆ ಶತ್ರು. ಒದ್ದೆ ನೆಲದ ಮೇಲೆ ನಿಂತು, ಬರಿಗೈಯಿಂದ ಕಡ್ಡಿಯನ್ನು ಬದಲಾಯಿಸುವವನಿಗೆ 80 ವೋಲ್ಟುಗಳೂ ಮಾರಕವಾಗಬಹುದು. ಒಣಗಿದ ಕೈಗವಸು, ಒಣಗಿದ ಪಾದರಕ್ಷೆ, ಹೊದಿಕೆ ಕಿತ್ತುಹೋಗದ ಹಿಡಿಕೆ ಇವು ಆಡಂಬರವಲ್ಲ, ಅವಶ್ಯಕತೆ.

ಇತರರ ಸುರಕ್ಷತೆಗೆ ಇಷ್ಟು ಗಮನವಿತ್ತ ಥಾಮ್ಸನ್ನರು ಅದಕ್ಕಾಗಿ ತಮ್ಮ ದೇಹವನ್ನೇ ಪಣವಾಗಿಟ್ಟ ಪ್ರಸಂಗವೂ ಉಂಟು. 1895ರ ಕೊನೆಯಲ್ಲಿ ಕ್ಷಕಿರಣಗಳ ಆವಿಷ್ಕಾರವಾಯಿತು. ಆ ಕಿರಣಗಳಿಂದ ದೇಹಕ್ಕೆ ಹಾನಿಯಿಲ್ಲವೆಂದು ಹಲವರು ವಾದಿಸುತ್ತಿದ್ದರು. 1896ರಲ್ಲಿ ಥಾಮ್ಸನ್ನರು ತಮ್ಮ ಎಡಗೈಯ ಕಿರುಬೆರಳನ್ನು ಆ ಕಿರಣಗಳಿಗೆ ಒಡ್ಡಿದರು. ಮೊದಲು ಏನೂ ಕಾಣಿಸಲಿಲ್ಲ. ಕೆಲವು ದಿನಗಳು ಕಳೆದ ಮೇಲೆ ಬೆರಳು ಕೆಂಪಾಗಿ ಊದಿಕೊಂಡು ಬೊಬ್ಬೆಯೆದ್ದಿತು. ಆ ನೋವಿನ ವಿವರವನ್ನು ಅವರು ಪ್ರಕಟಿಸಿ, ವೈದ್ಯರನ್ನೂ ಪ್ರಯೋಗಕಾರರನ್ನೂ ಎಚ್ಚರಿಸಿದರು.

1892ರಲ್ಲಿ ಥಾಮ್ಸನ್-ಹೂಸ್ಟನ್ ಕಂಪನಿಯೂ ಎಡಿಸನ್ನರ ಕಂಪನಿಯೂ ಒಂದುಗೂಡಿ ಜನರಲ್ ಎಲೆಕ್ಟ್ರಿಕ್ ಎಂಬ ಬೃಹತ್ ಸಂಸ್ಥೆಯಾಯಿತು. ಕನ್ನಡ ನಾಡಿಗೂ ಈ ಸಂಸ್ಥೆಯ ನಂಟು ಬೆಳೆಯಿತು. 1902ರಲ್ಲಿ ಶಿವನಸಮುದ್ರದ ಜಲಪಾತದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದಾಗ, ಅದಕ್ಕೆ ಬೇಕಾದ ವಿದ್ಯುದ್ಯಂತ್ರಗಳನ್ನು ಒದಗಿಸಿದುದು ಇದೇ ಸಂಸ್ಥೆ. ಥಾಮ್ಸನ್ನರು ಮಾತ್ರ ಆಡಳಿತದ ಗದ್ದುಗೆಯನ್ನು ಬಯಸದೆ ಲಿನ್ ಪಟ್ಟಣದ ತಮ್ಮ ಪ್ರಯೋಗಶಾಲೆಯಲ್ಲೇ ಉಳಿದರು. ಬಾಳಿನುದ್ದಕ್ಕೂ ಸುಮಾರು 700 ಏಕಸ್ವಾಮ್ಯಗಳು ಅವರಿಗೆ ಲಭಿಸಿದುವು. ಗೌರವಗಳು ತಾವಾಗಿಯೇ ಅರಸಿಕೊಂಡು ಬಂದುವು. 1908ರಲ್ಲಿ ಲಾರ್ಡ್ ಕೆಲ್ವಿನ್ನರ ತರುವಾಯ ಅವರು ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗದ ಅಧ್ಯಕ್ಷರಾದರು. 1909ರ ಪ್ರಪ್ರಥಮ ಎಡಿಸನ್ ಪದಕ ಅವರಿಗೆ ಸಂದಿತು. 1920ರಿಂದ 1923ರವರೆಗಿನ ಅವಧಿಯಲ್ಲಿ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಲಯದ ಹಂಗಾಮಿ ಅಧ್ಯಕ್ಷರಾಗಿಯೂ ಅವರು ದುಡಿದರು. ಬಿಡುವಿನಲ್ಲಿ ತಾವೇ ಮಸೂರವನ್ನು ಉಜ್ಜಿ ದೂರದರ್ಶಕವನ್ನು ನಿರ್ಮಿಸಿ ನಕ್ಷತ್ರಗಳನ್ನು ನೋಡುವುದು ಅವರ ಹವ್ಯಾಸ.

1937ನೆಯ ಇಸವಿ ಮಾರ್ಚ್ 13ರಂದು, ಎಂಬತ್ತನಾಲ್ಕನೆಯ ಹುಟ್ಟುಹಬ್ಬಕ್ಕೆ ಕೆಲವೇ ದಿನಗಳಿರುವಾಗ, ಸ್ವಾಂಪ್‌ಸ್ಕಾಟ್ ಎಂಬ ಊರಿನ ತಮ್ಮ ಮನೆಯಲ್ಲಿ ಥಾಮ್ಸನ್ನರು ತೀರಿಕೊಂಡರು. ಆ ಮನೆ ಮುಂದೆ ಆ ಊರಿನ ಆಡಳಿತ ಕಚೇರಿಯಾಯಿತು.

ಶಕ್ತಿಯನ್ನು ಹುಟ್ಟಿಸುವುದು ಸಾಧನೆಯೆಂಬುದರಲ್ಲಿ ಸಂಶಯವಿಲ್ಲ. ಅದರಿಂದ ಯಾರಿಗೂ ಕೇಡಾಗದಂತೆ ನೋಡಿಕೊಳ್ಳುವುದು ಅದಕ್ಕಿಂತ ಹಿರಿದಾದ ಸಾಧನೆ. ಮೊದಲನೆಯದಕ್ಕೆ ಬುದ್ಧಿ ಸಾಕು. ಎರಡನೆಯದಕ್ಕೆ ಬುದ್ಧಿಯ ಜೊತೆಗೆ ಕರುಣೆಯೂ ಬೇಕು, ಕಾಯುವ ತಾಳ್ಮೆಯೂ ಬೇಕು. ಯಂತ್ರದ ಮೈಯಿಂದ ನೆಲಕ್ಕೆ ಇಳಿಯುವ ಸಾಧಾರಣವಾದ ತಂತಿ ಬೆಳಕನ್ನು ಕೊಡುವುದಿಲ್ಲ, ಕಬ್ಬಿಣವನ್ನು ಬೆಸೆಯುವುದಿಲ್ಲ. ಎಲ್ಲವೂ ಸರಿಯಾಗಿರುವ ದಿನಗಳಲ್ಲಿ ಅದಕ್ಕೆ ಕೆಲಸವೇ ಇಲ್ಲವೆಂದು ತೋರುತ್ತದೆ. ಕೆಡುಕು ಸಂಭವಿಸಿದ ಒಂದು ಕ್ಷಣಕ್ಕಾಗಿ ಅದು ವರ್ಷಗಟ್ಟಲೆ ಮೌನವಾಗಿ ಕಾಯುತ್ತಿರುತ್ತದೆ. ಎಲಿಹು ಥಾಮ್ಸನ್ನರ ಹೆಸರನ್ನು ಕೇಳದ ಕೋಟ್ಯಂತರ ಜನರು ಅವರು ಒತ್ತಾಯಿಸಿದ ಆ ಎಚ್ಚರಿಕೆಯ ಆಶ್ರಯದಲ್ಲಿ ದಿನವೂ ನಿಶ್ಚಿಂತೆಯಿಂದ ದುಡಿಯುತ್ತಿದ್ದಾರೆ.